ಸೀಸೆ ಮೇಲಿನ ತಾರೀಖು, ಸೀಸೆ ಒಳಗಿನ ಲಸಿಕೆ

(1/5)
2021ರ ಮೇ 19. ಆಫ್ರಿಕಾದ ಮಲಾವಿ ದೇಶದ ರಾಜಧಾನಿ ಲಿಲಾಂಗ್ವೆ. ಆರೋಗ್ಯ ಸಚಿವೆಯ ಎದುರಿಗೇ, ಎಲ್ಲರಿಗೂ ಕಾಣೋ ಹಾಗೆ, ಕೋವಿಡ್ ಲಸಿಕೆಯ 19,610 ಡೋಸ್‌ಗಳನ್ನು ಬೆಂಕಿಗೆ ಹಾಕಿದರು. ಅದೇ ತಿಂಗಳು ನಮ್ಮಲ್ಲಿ ಎರಡನೇ ಅಲೆ. ಮನೆಮಂದಿಯೆಲ್ಲ ಫೋನ್ ಹಿಡ್ಕೊಂಡು ಕೋವಿನ್‌ನಲ್ಲಿ ಸ್ಲಾಟ್ ಹುಡುಕ್ತಿದ್ದ ದಿನಗಳು ನೆನಪಿದೆಯಲ್ವಾ?

ಅಲ್ಲಿ ಸುಟ್ಟಿದ್ದು ನಮಗೆ ಗೊತ್ತಿಲ್ಲದ ಯಾವುದೋ ಲಸಿಕೆ ಅಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಅಸ್ಟ್ರಾಜೆನೆಕಾ, ಅಂದ್ರೆ ನಮ್ಮ ಕೋವಿಶೀಲ್ಡ್. ಮಲಾವಿಗೆ ಅದು ತಲುಪಿದ್ದು ಮಾರ್ಚ್ 26ಕ್ಕೆ. ಲೇಬಲ್ ಮೇಲಿದ್ದ ಕೊನೇ ದಿನ ಏಪ್ರಿಲ್ 13. ಕೈಯಲ್ಲಿದ್ದಿದ್ದು 18 ದಿನ. ಆಫ್ರಿಕನ್ ಯೂನಿಯನ್ ಕಡೆಯಿಂದ ಬಂದ 1,02,000 ಡೋಸ್‌ಗಳಲ್ಲಿ ಹೆಚ್ಚಿನವನ್ನು ಜನರಿಗೆ ಹಾಕಿ, ಮಿಕ್ಕಿದ್ದು ಇಷ್ಟು.

ಏಪ್ರಿಲ್ 13ರ ರಾತ್ರಿ 12 ಗಂಟೆಗೆ ಆ ಸೀಸೆ ಒಳಗೆ ಏನಾಯ್ತು? ವಿಶೇಷವಾಗಿ ಏನೂ ಆಗಿಲ್ಲ. ಲಸಿಕೆ ಶಕ್ತಿ ಕಳೆದುಕೊಳ್ಳೋದು ನಿಧಾನವಾಗಿ, ಗಡಿಯಾರ ನೋಡಿಕೊಂಡು ಅಲ್ಲ. ಹಾಗಾದ್ರೆ ಸುಟ್ಟಿದ್ಯಾಕೆ? ಉತ್ತರಕ್ಕೆ ಮೊದಲು 200 ವರ್ಷ ಹಿಂದೆ ಹೋಗಿ ಬರೋಣ.

(2/5)
ಮೊದಲ ಲಸಿಕೆಗೆ ಎಕ್ಸ್‌ಪೈರಿ ಡೇಟ್ ಇರಲಿಲ್ಲ. ಯಾಕಂದ್ರೆ ಅದನ್ನ ಇಡೋಕೆ ಸೀಸೆಯೇ ಇರಲಿಲ್ಲ!

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೀಬಹುದು ಅಂತ ತೋರಿಸಿಕೊಟ್ಟ. ಆದರೆ ಆ ಕೀವನ್ನು ದಾರಕ್ಕೆ ಹಚ್ಚಿ, ಗಾಜಿನ ತುಂಡುಗಳ ನಡುವೆ ಒಣಗಿಸಿ ಕಳಿಸಿದ್ರೆ, ಬಿಸಿಲಿನ ದೇಶಕ್ಕೆ ಬರೋಷ್ಟರಲ್ಲಿ ಅದರ ಕಥೆ ಮುಗೀತಿತ್ತು. ಅದಕ್ಕೆ ಕಂಡುಕೊಂಡ ದಾರಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ. ಲಸಿಕೆ ಹಾಕಿದ ಮಗುವಿನ ತೋಳಲ್ಲಿ ಸುಮಾರು ಒಂದು ವಾರಕ್ಕೆ ಗುಳ್ಳೆ ಏಳುತ್ತೆ. ಅದರ ರಸ ತೆಗೆದು ಮುಂದಿನ ಮಗುವಿಗೆ. ಆ ವಾರ ಇನ್ನೊಂದು ತೋಳು ಸಿಗಲಿಲ್ಲ ಅಂದ್ರೆ ಸರಪಳಿ ಕಡಿದ ಹಾಗೆ. ಅವತ್ತಿನ ಶೆಲ್ಫ್ ಅಂದ್ರೆ ಮಗುವಿನ ತೋಳು, ಶೆಲ್ಫ್ ಲೈಫ್ ಅಂದ್ರೆ ಒಂದು ವಾರ.

1803ರಲ್ಲಿ ಸ್ಪೇನ್ ದೇಶ ತನ್ನ ಅಮೆರಿಕದ ವಸಾಹತುಗಳಿಗೆ ಲಸಿಕೆ ಕಳಿಸೋಕೆ 22 ಅನಾಥ ಹುಡುಗರನ್ನ ಹಡಗು ಹತ್ತಿಸಿತು. ಸಮುದ್ರದ ಮೇಲೆ ಒಬ್ಬರಾದ ಮೇಲೊಬ್ಬರಿಗೆ ಚುಚ್ಚುತ್ತಾ ಸಾಗಿಸಿದ್ದು. ಭಾರತಕ್ಕೆ ಅದಕ್ಕೂ ಮೊದಲೇ, ಬಾಗ್ದಾದ್, ಬಾಸ್ರಾ ದಾರಿಯಲ್ಲಿ ಬಂತು. 1802ರ ಜೂನ್ 14ರಂದು ಬಾಂಬೆಯಲ್ಲಿ ಅನ್ನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗುವಿನ ತೋಳಲ್ಲಿ ಅದು ನಾಟಿತು. ಅಲ್ಲಿಂದಲೇ ದೇಶಕ್ಕೆಲ್ಲ ಹರಡಿತು.

ಮೈಸೂರಿಗೂ ಬಂತು. 1805ರಲ್ಲಿ ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ಮೂವರು ಹೆಣ್ಣುಮಕ್ಕಳಿದ್ದಾರೆ. ಇದು ಮೈಸೂರು ಅರಮನೆಯವರ ಚಿತ್ರ, ಬಲಗಡೆ ಇರೋ ಚಿಕ್ಕ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡ ತೋಳಿನ ಕಡೆಗೆ ಬೆರಳು ಮಾಡ್ತಿದ್ದಾರೆ ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದ. ಹಾಗಿದ್ರೆ ಅದೂ ಒಂಥರಾ ಪ್ರಚಾರವೇ. ನಾವು ಹಾಕಿಸಿಕೊಂಡಿದ್ದೀವಿ, ಭಯ ಪಡಬೇಡಿ ಅಂತ. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

(3/5)
ತೋಳಿನಿಂದ ಸೀಸೆಗೆ ಬಂದಮೇಲೂ ಬಿಸಿಲಿನ ಸಮಸ್ಯೆ ಹೋಗಲಿಲ್ಲ. ದ್ರವರೂಪದ ಲಸಿಕೆ ನಮ್ಮಂಥ ಸೆಖೆಯಲ್ಲಿ ಬೇಗ ಕೆಡ್ತಿತ್ತು. 1950ರ ದಶಕದಲ್ಲಿ ಲಂಡನ್ನಿನ ಲಿಸ್ಟರ್ ಇನ್‌ಸ್ಟಿಟ್ಯೂಟ್‌ನ ಲೆಸ್ಲಿ ಕಾಲಿಯರ್ ಸಿಡುಬಿನ ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸೋ ವಿಧಾನವನ್ನ ದೊಡ್ಡ ಪ್ರಮಾಣದಲ್ಲಿ ಮಾಡೋ ಹಾಗೆ ರೂಪಿಸಿದರು. ಪುಡಿಯಾದ ಲಸಿಕೆ. ಹಾಕೋ ಮುಂಚೆ ದ್ರವ ಬೆರೆಸಿದ್ರೆ ಸಾಕು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಪರೀಕ್ಷೆ ಏನು ಗೊತ್ತಾ? 37 ಡಿಗ್ರಿ ಶಾಖದಲ್ಲಿ ನಾಲ್ಕು ವಾರ ಇಟ್ಟರೂ ಶಕ್ತಿ ಉಳಿದಿರಬೇಕು.

ಇಂಥ ಒಣ ಲಸಿಕೆ ತಯಾರಿಸಿದ ಭಾರತದ ಸಂಸ್ಥೆಗಳಲ್ಲಿ ನಮ್ಮ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಕೂಡ ಒಂದು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯ್ತು ಅಂತ ಘೋಷಣೆ ಆಯ್ತು. ಅಜ್ಜ ಅಜ್ಜಿ ತೋಳಿನ ಮೇಲಿನ ಗುಂಡು ಕಲೆ ಆ ಕಾಲದ್ದು.

1996ರಲ್ಲಿ ಪೋಲಿಯೋ ಸೀಸೆ ಮೇಲೆ ಇನ್ನೊಂದು ವಸ್ತು ಬಂತು. ವಿವಿಎಂ. ಒಂದು ವೃತ್ತ, ಅದರೊಳಗೆ ತಿಳಿ ಬಣ್ಣದ ಒಂದು ಚೌಕ. ಸೀಸೆಗೆ ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತೆ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮ ಆದ್ರೆ ಲಸಿಕೆ ಎಸೀಬೇಕು, ತಾರೀಖು ಬಾಕಿ ಇದ್ರೂ ಸರಿ. ಅಂದ್ರೆ ತಾರೀಖು ಹೇಳೋದು, ಸರಿಯಾಗಿ ಇಟ್ಟಿದ್ರೆ ಇಷ್ಟು ದಿನ ಬರುತ್ತೆ ಅಂತ. ಸರಿಯಾಗಿ ಇಟ್ಟಿದ್ರಾ ಅನ್ನೋದನ್ನ ಹೇಳೋದು ಆ ಚೌಕ.

(4/5)
ಈಗ ತಾರೀಖಿನ ವಿಷಯ. ಅದನ್ನ ಯಾರು ನಿರ್ಧರಿಸ್ತಾರೆ?

ಕಂಪನಿ ಒಂದಿಷ್ಟು ಸೀಸೆಗಳನ್ನ ಹೇಳಿದ ತಾಪಮಾನದಲ್ಲಿ ಇಟ್ಟು, ಕೆಲವು ತಿಂಗಳಿಗೊಮ್ಮೆ ತೆಗೆದು ಪರೀಕ್ಷೆ ಮಾಡುತ್ತೆ. ಶಕ್ತಿ ನಿಗದಿಯಾದ ಮಟ್ಟಕ್ಕಿಂತ ಮೇಲಿದೆ ಅಂತ ಎಷ್ಟು ತಿಂಗಳಿಗೆ ದಾಖಲೆ ಕೊಡೋಕೆ ಆಗುತ್ತೋ ಅಷ್ಟಕ್ಕೆ ಸರ್ಕಾರದ ಔಷಧ ನಿಯಂತ್ರಕರು ಒಪ್ಪಿಗೆ ಕೊಡ್ತಾರೆ. ಹೊಸ ಲಸಿಕೆಗೆ ವಯಸ್ಸೇ ಕೆಲವು ತಿಂಗಳು. ಹುಟ್ಟಿ ವರ್ಷ ಆಗದೇ ಇರೋ ಲಸಿಕೆ ಒಂದು ವರ್ಷ ಬಾಳುತ್ತೆ ಅಂತ ತೋರಿಸೋದು ಹೇಗೆ? ಹಾಗಾಗಿ ಮೊದಲು ಕಮ್ಮಿ ಅವಧಿ, ಪರೀಕ್ಷೆಯ ಫಲಿತಾಂಶ ಬಂದಂತೆ ಜಾಸ್ತಿ.

2021ರಲ್ಲಿ ಆಗಿದ್ದು ಇದೇ. ಫೆಬ್ರವರಿ 22ಕ್ಕೆ ಕೋವಿಶೀಲ್ಡ್ 6 ತಿಂಗಳಿಂದ 9ಕ್ಕೆ. ಜೂನ್ 10ಕ್ಕೆ ಅಮೆರಿಕದಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ಲಸಿಕೆ 3 ತಿಂಗಳಿಂದ ನಾಲ್ಕೂವರೆಗೆ. ಅಕ್ಟೋಬರ್ 25ಕ್ಕೆ ಕೋವ್ಯಾಕ್ಸಿನ್ 9ರಿಂದ 12ಕ್ಕೆ.

ಬಿಕಾಂ ಓದೋರಿಗೆ ಇದು ಹೊಸದಲ್ಲ. ಮಷೀನು 10 ವರ್ಷ ಬರುತ್ತೆ ಅಂತ ಲೆಕ್ಕ ಹಾಕಿ ಡೆಪ್ರಿಸಿಯೇಷನ್ ಹಾಕ್ತೀವಿ. ಇನ್ನೂ 3 ವರ್ಷ ಬರುತ್ತೆ ಅಂತ ಆಮೇಲೆ ಗೊತ್ತಾದ್ರೆ ಅಂದಾಜು ಬದಲಾಯಿಸ್ತೀವಿ. ಅದು ಮೋಸ ಅಲ್ಲ, ತಪ್ಪು ತಿದ್ದಿದ್ದೂ ಅಲ್ಲ. ಹೊಸ ಮಾಹಿತಿಯಿಂದ ಹೊಸ ಅಂದಾಜು. ಆದರೆ ಅಕೌಂಟಿಂಗ್ ಸ್ಟ್ಯಾಂಡರ್ಡ್ 5 ಒಂದು ಷರತ್ತು ಹಾಕುತ್ತೆ: ಲೆಕ್ಕದ ಮೇಲೆ ಗಣನೀಯ ಪರಿಣಾಮ ಬೀರೋ ಬದಲಾವಣೆ ಆಗಿದ್ರೆ, ಓದುವವರಿಗೆ ಅದನ್ನ ತಿಳಿಸಲೇಬೇಕು.

(5/5)
ಈಗ ಮಲಾವಿಗೆ ವಾಪಸ್.

ಏಪ್ರಿಲ್ 13ಕ್ಕೆ ಮೂರು ತಿಂಗಳು ಸೇರಿಸಿ. ಜುಲೈ 13. ಆ ದಿನದವರೆಗೂ ಈ ಡೋಸ್‌ಗಳನ್ನ ಬಳಸಬಹುದು ಅಂತ ಸೀರಂ ಇನ್‌ಸ್ಟಿಟ್ಯೂಟ್‌ನ ವಿಶ್ಲೇಷಣೆ ಆಧರಿಸಿ ಆಫ್ರಿಕಾ ಸಿಡಿಸಿ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮೊದಲು ನಾಶ ಮಾಡಬೇಡಿ ಅಂತು, ಆಮೇಲೆ ಮಾತು ಬದಲಿಸಿ ವಿಲೇವಾರಿ ಮಾಡಿ ಅಂತು. ಭಾರತದ ನಿಯಂತ್ರಕರ ಒಪ್ಪಿಗೆ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯಲ್ಲ. ಸೀಸೆ ಮೇಲೆ ಮಾತ್ರ ಏಪ್ರಿಲ್ 13 ಅಂತಲೇ ಇತ್ತು.

ಜನ ಓದಿದ್ದು ಸೀಸೆಯನ್ನ. ಅವಧಿ ಮುಗಿದ ಲಸಿಕೆ ಹಾಕ್ತಾರಂತೆ ಅಂತ ಸುದ್ದಿ ಹಬ್ಬಿ ಜನ ಆಸ್ಪತ್ರೆ ಕಡೆ ಬರೋದನ್ನೇ ನಿಲ್ಲಿಸಿದರು. ಸುಡದೇ ಇದ್ರೆ ಜನ ನಂಬಲ್ಲ ಅಂತ ಅಲ್ಲಿನ ಅಧಿಕಾರಿಗಳು ಎಲ್ಲರ ಎದುರಿಗೇ ಸುಟ್ಟರು. ಕೆಟ್ಟಿದ್ದು ಲಸಿಕೆ ಅಲ್ಲ, ನಂಬಿಕೆ.

ನಮ್ಮಲ್ಲೂ ಅದೇ ಪ್ರಶ್ನೆ ಎದ್ದಿತ್ತು. 2022ರ ಜನವರಿ 3ಕ್ಕೆ 15ರಿಂದ 18 ವಯಸ್ಸಿನವರಿಗೆ ಕೋವ್ಯಾಕ್ಸಿನ್ ಶುರುವಾಯ್ತು. ಇದನ್ನ ಓದ್ತಿರೋ ಎಷ್ಟೋ ಜನ ಆ ಬ್ಯಾಚ್‌ನವರೇ. ಮಕ್ಕಳಿಗೆ ಅವಧಿ ಮುಗಿದಿದ್ದು ಹಾಕ್ತಿದ್ದಾರೆ ಅನ್ನೋ ಆರೋಪ ಅವತ್ತೇ ಎಲ್ಲ ಕಡೆ ಓಡಾಡ್ತು. ಇದು ಸುಳ್ಳು, ಅಕ್ಟೋಬರ್‌ನಲ್ಲೇ ಅವಧಿ ವಿಸ್ತರಿಸಿದ್ದೀವಿ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಅವತ್ತೇ ಉತ್ತರ ಕೊಡ್ತು. ಉತ್ತರ ಸರಿಯಾಗೇ ಇತ್ತು. ಆದರೆ ಮಗುವನ್ನ ಕರ್ಕೊಂಡು ಹೋದ ಅಮ್ಮನಿಗೆ ಆ ವಿಷಯ ಗೊತ್ತಾಗಬೇಕಿದ್ದು ಲಸಿಕೆ ಕೊಠಡಿಯ ಬಾಗಿಲಲ್ಲಿ, ಹಾಕೋ ಮುಂಚೆ. ಗಾಬರಿಯಾದ ಮೇಲೆ ಟಿವಿಯಲ್ಲಿ ಅಲ್ಲ. ತಾರೀಖು ನೋಡಿ ಪ್ರಶ್ನೆ ಕೇಳಿದವರು ದಡ್ಡರಲ್ಲ. ಹಾಲಿನ ಪ್ಯಾಕೆಟ್‌ನಿಂದ ಮಾತ್ರೆವರೆಗೂ ತಾರೀಖು ನೋಡಿ ತಗೊಳ್ಳಿ ಅಂತ ನಮಗೆಲ್ಲ ಕಲಿಸಿರೋದೇ ಹಾಗೆ.

ತಾರೀಖು ಬದಲಾಗಬಹುದು, ಪರೀಕ್ಷೆ ಮತ್ತು ಒಪ್ಪಿಗೆ ಎರಡೂ ಇದ್ರೆ. ಅಂಗಡಿಯವರೋ ನಾವೋ ಪರವಾಗಿಲ್ಲ ಅಂತ ಅಂದ್ಕೊಂಡ್ರೆ ಆಗಲ್ಲ. ಬದಲಾದಾಗ ಅದನ್ನ ಸೀಸೆಯಷ್ಟೇ ಹತ್ತಿರದಿಂದ ಜನರಿಗೆ ಹೇಳಬೇಕು. 1805ರ ಆ ಚಿತ್ರದಲ್ಲಿ ತೋಳು ತೋರಿಸಿದವರಿಗೆ ಇದು ಗೊತ್ತಿತ್ತು ಅನ್ಸುತ್ತೆ.

ಮುಂದಿನ ಸಲ ಲಸಿಕೆ ಹಾಕಿಸೋಕೆ ಹೋದಾಗ ಸೀಸೆ ತೋರಿಸಿ ಅಂತ ಕೇಳಿ. ತಾರೀಖು ನೋಡಿ, ವಿವಿಎಂ ಇದ್ರೆ ಅದನ್ನೂ ನೋಡಿ. ಸಂಕೋಚ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿರೋರಿಗೆ ಇದನ್ನ ಶೇರ್ ಮಾಡಿ 🙏

#ಕನ್ನಡ #ಇತಿಹಾಸ #ಲಸಿಕೆ #ಎಕ್ಸ್‌ಪೈರಿಡೇಟ್