ಕಡಿದ ಬುಡದ ಎರಡನೆಯ ಬೆಳೆ

ಸಂತೆಯಲ್ಲಿ ಸೊಪ್ಪಿನ ಕಟ್ಟಿನ ಬುಡ ನೋಡಿದರೆ ಸಾಕು, ಅದು ಬೆಳೆದ ಮಡಿಯಲ್ಲಿ ಈಗ ಏನು ಉಳಿದಿದೆ ಎಂದು ಹೇಳಿಬಿಡಬಹುದು. ಮೆಂತ್ಯ, ಕೊತ್ತಂಬರಿ ಬೇರುಸಹಿತ ಬರುತ್ತವೆ. ಆ ಮಡಿ ಖಾಲಿ. ಪಾಲಕ್ಕು, ದಂಟು ಕುಡುಗೋಲಿನಿಂದ ಕೊಯ್ದು ಬಂದಿದ್ದರೆ ಬುಡ ಮಣ್ಣಿನಲ್ಲೇ ಇರುತ್ತದೆ. ನೀರು ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೊಂದು ಕೊಯ್ಲು. ಎಲೆಕೋಸನ್ನು ಕತ್ತರಿಸಿದ ಮೇಲೂ ಬುಡ ಕೀಳದೆ ಬಿಟ್ಟರೆ ಪಕ್ಕದ ಕಣ್ಣುಗಳಿಂದ ಪುಟ್ಟ ಪುಟ್ಟ ಕೋಸುಗಳು ಮೂಡುತ್ತವೆ. ಕೊಯ್ಲಾದ ಮೇಲೆ ನೆಲದಲ್ಲಿ ನಿಲ್ಲುವ ಇಂಥ ಬುಡಕ್ಕೆ ಕನ್ನಡದಲ್ಲಿ ಕೂಳೆ ಎಂದು ಹೆಸರು. ಹಿತ್ತಲಿನಲ್ಲಿ ಇದು ಮನೆವಾರ್ತೆಯ ಸಣ್ಣ ಉಳಿತಾಯವಷ್ಟೇ. ಆದರೆ ಶ್ರೀರಂಗಪಟ್ಟಣ, ಪಾಂಡವಪುರದ ಸೀಮೆಯಲ್ಲಿ ಕೂಳೆ ಎಂದೊಡನೆ ನೆನಪಾಗುವುದು ಸೊಪ್ಪಲ್ಲ, ಕಬ್ಬು. ಯಾವ ಕಬ್ಬು ಇಲ್ಲಿ ನೆಲೆಯೂರಬೇಕು, ಯಾವುದು ಹಿಂದೆ ಸರಿಯಬೇಕು ಎಂಬ ತೀರ್ಮಾನದಲ್ಲಿ ಕೂಳೆಗೆ ಕನಿಷ್ಠ ಇನ್ನೂರು ವರ್ಷಗಳಿಂದ ಪಾಲಿದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿಸ್ ಬುಕಾನನ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯ ಬೇಸಾಯ, ಕಸುಬುಗಳನ್ನು ನೋಡಿ ಬರೆಯಲು ಹೊರಟ ಈ ವೈದ್ಯ ಶ್ರೀರಂಗಪಟ್ಟಣದ ಸುತ್ತಣ ಅಷ್ಟಗ್ರಾಮದಲ್ಲಿ ಕಬ್ಬಿನ ಗದ್ದೆಗಳನ್ನು ಕಂಡ. ಅವನ ಬರವಣಿಗೆ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಷ್ಟಗ್ರಾಮದಲ್ಲಿ ಎರಡು ಬಗೆಯ ಕಬ್ಬು ಬೆಳೆಯುತ್ತಾರೆ ಎನ್ನುತ್ತಾನೆ ಅವನು: ರಸದಾಳಿ ಮತ್ತು ಪಟ್ಟಾಪಟ್ಟಿ. ರಸದಾಳಿ ನಾಡಿನ ಹಳೆಯ ಕಬ್ಬು. ಅದನ್ನು ಚೈತ್ರದಲ್ಲಿ ಮಾತ್ರ ನೆಡಬಹುದು, ವರ್ಷಕ್ಕೆ ಕೊಯ್ಲಿಗೆ ಬರುತ್ತದೆ. ಪಟ್ಟಾಪಟ್ಟಿಯನ್ನು ಚೈತ್ರದಲ್ಲದೆ ಶ್ರಾವಣದಲ್ಲೂ ಮಾಘದಲ್ಲೂ ನೆಡಬಹುದು. ಬಲಿಯಲು ಹದಿನಾಲ್ಕು ತಿಂಗಳು ಬೇಕು. ರಸದಾಳಿ ಎರಡನೆಯ ಸಲ ಬೆಳೆಯದು; ಪಟ್ಟಾಪಟ್ಟಿ ಕಡಿದ ಬುಡದಿಂದಲೇ ಚಿಗುರಿ ಹನ್ನೆರಡು ತಿಂಗಳಲ್ಲಿ ಇನ್ನೊಂದು ಬೆಳೆ ಕೊಡುತ್ತದೆ. ವೆಸ್ಟ್ ಇಂಡೀಸಿನ ತೋಟಗಳಲ್ಲಿ ಇದಕ್ಕೆ ರಟೂನ್ ಎನ್ನುತ್ತಾರೆಂದು ತನ್ನ ಓದುಗರಿಗೆ ಅವನು ವಿವರಿಸಬೇಕಾಯಿತು. ಆ ಮಾತು ಚಿಗುರು ಎಂಬರ್ಥದ ಸ್ಪ್ಯಾನಿಷ್ ಪದದಿಂದ ಬಂದದ್ದು. ನಮ್ಮವರು ಉಳಿದ ಬುಡವನ್ನು ನೋಡಿ ಹೆಸರಿಟ್ಟರು, ಅವರು ಮೂಡಿದ ಚಿಗುರನ್ನು ನೋಡಿ.

ಬುಕಾನನ್ ಕೊಟ್ಟ ತಿಂಗಳುಗಳನ್ನು ಕೂಡಿಸಿ ನೋಡುವುದು ಸ್ವಾರಸ್ಯಕರ. ರಸದಾಳಿಯ ಎರಡು ಬೆಳೆಗೆ ಇಪ್ಪತ್ತನಾಲ್ಕು ತಿಂಗಳು, ಪಟ್ಟಾಪಟ್ಟಿಯ ಎರಡು ಬೆಳೆಗೆ ಇಪ್ಪತ್ತಾರು. ಕಾಲದ ಲೆಕ್ಕದಲ್ಲಿ ಹಳೆಯ ಕಬ್ಬೇ ಎರಡು ತಿಂಗಳು ಮುಂದು. ಆದರೆ ರಸದಾಳಿಗೆ ಎರಡು ಸಲ ಗದ್ದೆ ಹದ ಮಾಡಬೇಕು, ಎರಡು ಸಲ ಬಿತ್ತನೆಯ ತುಂಡು ಹೊಂದಿಸಬೇಕು, ಎರಡು ಸಲ ನೆಡಬೇಕು. ಬಿತ್ತನೆಯೆಂದರೆ ಅರೆಯಬಹುದಾಗಿದ್ದ ಕಬ್ಬೇ ತಾನೆ? ಇಂದಿನ ಲೆಕ್ಕದಲ್ಲೂ ಎಕರೆಗೆ ಮೂರು ಟನ್ನಿನಷ್ಟು ಕಬ್ಬು ಹೀಗೆ ಮಣ್ಣಿಗೆ ಹೋಗುತ್ತದೆ. ಎರಡು ತಿಂಗಳ ತಾಳ್ಮೆಗೆ ಒಂದು ನಾಟಿಯ ಖರ್ಚು ಉಳಿಯುವುದಾದರೆ ಯಾವ ರೈತ ಬೇಡವೆಂದಾನು? ಮೇಲಾಗಿ ಬೆಲ್ಲ ಎರಡರಿಂದಲೂ ಆಗುತ್ತಿತ್ತು, ಸಕ್ಕರೆ ತೆಗೆಯಲು ಬರುತ್ತಿದ್ದುದು ಪಟ್ಟಾಪಟ್ಟಿಯಿಂದ ಮಾತ್ರ. ಹೈದರಾಲಿಯ ಕಾಲದಲ್ಲಿ ಮುಸ್ತಫಾ ಅಲಿ ಖಾನ್ ಎಂಬ ಅಧಿಕಾರಿ ಆರ್ಕಾಟಿನಿಂದ ತರಿಸಿದ ಈ ಪರಸ್ಥಳದ ಕಬ್ಬು ಒಂದು ತಲೆಮಾರಿನೊಳಗೆ ರಸದಾಳಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಆಸ್ಥಾನದ ಅಧಿಕಾರಿ ತರಿಸಿದ ಎಲ್ಲ ಬೆಳೆಯೂ ಊರಿನಲ್ಲಿ ನಿಲ್ಲುವುದಿಲ್ಲ; ಇದು ನಿಂತಿತು.

ಆಗಿನ ಕಬ್ಬು ಕಾವೇರಿಯ ಹಳೆಯ ನಾಲೆಗಳ ಅಂಚಿನಲ್ಲಿ ಮಾತ್ರ ಇದ್ದ ಬೆಳೆ. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ತೆರೆದಾಗ ಅದು ಅರೆಯುತ್ತಿದ್ದುದು ಕಬ್ಬನ್ನಲ್ಲ. ರೈತರ ಬೆಲ್ಲವನ್ನು ಕೊಂಡು ಶುದ್ಧಿ ಮಾಡುತ್ತಿತ್ತು. ಕಬ್ಬು ಸೀಮೆಯ ತುಂಬ ಹರಡಿದ್ದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯಲ್ಲಿ ನೀರು ಹರಿದ ಮೇಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ನರ ಒತ್ತಾಸೆ ಅದರ ಹಿಂದಿತ್ತು.

ಕಾರ್ಖಾನೆಯೊಡನೆ ಹೊಸ ತಳಿಗಳು ಬಂದವು. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾದ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ದಪ್ಪ ಕಬ್ಬನ್ನು ನದಿ ದಂಡೆಯ ಕಾಡು ಕಬ್ಬಿನೊಡನೆ ಕೂಡಿಸಿದರು. ಕಡ್ಡಿಯಷ್ಟು ಸಣ್ಣ ಈ ಹುಲ್ಲಿನಲ್ಲಿ ಸಿಹಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಡಿದರೂ ಸುಟ್ಟರೂ ಬುಡದಿಂದ ಮತ್ತೆ ಏಳುವ ಛಲ ಅದರದ್ದು. ಕೂಳೆಯಲ್ಲಿ ಚೆನ್ನಾಗಿ ಬರುವ ಗುಣ ಇಂದಿನ ತಳಿಗಳಿಗೆ ಬಂದಿರುವುದರಲ್ಲಿ ಈ ಹುಲ್ಲಿನ ರಕ್ತ ದೊಡ್ಡದು. ಮಂಡ್ಯದ ರೈತರು ಕಂಡ ಕೋ 419, ಕೋ 62175, ಕೋ 86032 ಎಲ್ಲವೂ ಕೊಯಮತ್ತೂರಿನವು. ಇವುಗಳಲ್ಲಿ ಕೊನೆಯದು ಕೂಳೆಗೆ ವಿಶೇಷವಾಗಿ ಹೆಸರಾದದ್ದು.

ಹಾಗೆಂದು ಕೂಳೆಯನ್ನು ಪುಕ್ಕಟೆ ಬೆಳೆಯೆಂದು ತಿಳಿಯಬಾರದು. ಕಬ್ಬಿನ ಬುಡದ ಗಿಣ್ಣುಗಳು ಮಣ್ಣಿನೊಳಗೆ ಒತ್ತೊತ್ತಾಗಿರುತ್ತವೆ, ಒಂದೊಂದು ಗಿಣ್ಣಿಗೂ ಒಂದು ಕಣ್ಣು. ಮೇಲಿನ ಜಲ್ಲೆ ಹೋದೊಡನೆ ಈ ಕಣ್ಣುಗಳು ಒಡೆಯುತ್ತವೆ. ಹಳೆಯ ಬೇರು ಸ್ವಲ್ಪ ಕಾಲ ಊಟವಿಟ್ಟು ಸಾಯುತ್ತದೆ; ಅಷ್ಟರೊಳಗೆ ಚಿಗುರು ತನ್ನದೇ ಬೇರು ಇಳಿಸಬೇಕು. ಕಡಿಯುವವರು ನೆಲದಿಂದ ಒಂದು ಗೇಣು ಮೇಲೆ ಕಡಿದರೆ ಮೇಲಿನ ಕಣ್ಣು ಮೊದಲು ಒಡೆದು, ಬೇರಿಗೆ ಮಣ್ಣು ಸಿಗದೆ, ಚಿಗುರು ಸೊರಗುತ್ತದೆ. ಅದಕ್ಕೇ ಕೂಳೆಯನ್ನು ನೆಲಮಟ್ಟಕ್ಕೆ ಸವರುವುದು, ದಿಂಡಿನ ಮಗ್ಗುಲು ಒಡೆದು ಹಳೆಯ ಬೇರು ಕತ್ತರಿಸುವುದು, ಸತ್ತ ಬುಡದ ಜಾಗದಲ್ಲಿ ಹೊಸ ಸಸಿ ಕೂರಿಸುವುದು, ತನಿ ಬೆಳೆಗಿಂತ ಹೆಚ್ಚು ಸಾರಜನಕ ಕೊಡುವುದು. ಇಷ್ಟು ಮಾಡಿದರೆ ಕೂಳೆ ತನಿ ಬೆಳೆಗಿಂತ ಮೊದಲೇ ಮಾಗುತ್ತದೆ. ಆದರೂ ಕಾಡಿಗೆ ರೋಗ, ಹುಲ್ಲುಮೊಳೆ ರೋಗಗಳು ಬುಡದಲ್ಲೇ ಕೂತು ಮುಂದಿನ ಬೆಳೆಗೆ ದಾಟುತ್ತವೆ. ಎರಡು ಮೂರು ಕೂಳೆಯಾದ ಮೇಲೆ ಅಗೆದು ಹಾಕುವುದೇ ಲೇಸು.

ನಾಲೆಯಿಂದ ದೂರ ಸರಿದಂತೆ ಕೂಳೆಯ ಅರ್ಥವೇ ಬದಲಾಗುತ್ತದೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿಗೆ ಕಟ್ಟಿದ ಮಂದಗೆರೆ, ಹೇಮಗಿರಿ ಅಣೆಕಟ್ಟೆಗಳ ಕೆಳಗೆ ಅದು ಇನ್ನೂ ಕಬ್ಬಿನ, ಭತ್ತದ ಮಾತು. ನಾಗಮಂಗಲದ ಬೆದ್ದಲು ಹೊಲದಲ್ಲಿ ಕೂಳೆಯೆಂದರೆ ರಾಗಿ, ಜೋಳ ಕೊಯ್ದ ಮೇಲೆ ದನ ಬಿಡುವ ಜಾಗ. ಜೋಳದ ಕೂಳೆ ಮಳೆ ಬಿದ್ದು ಎಳೆಯದಾಗಿ ಚಿಗುರಿದ್ದರೆ ಮಾತ್ರ ಅಲ್ಲಿಗೆ ದನ ಬಿಡಬಾರದು: ಆ ಚಿಗುರಿನಲ್ಲಿ ಹುಟ್ಟುವ ಸಯನೈಡಿನ ವಿಷಕ್ಕೆ ಗಟ್ಟಿಮುಟ್ಟಾದ ಎತ್ತೂ ಗಳಿಗೆಯಲ್ಲಿ ಉರುಳಬಹುದು.

ಕಬ್ಬಿನ ಕೂಳೆಗೆ ದೊಡ್ಡ ಶತ್ರು ರೋಗಕ್ಕಿಂತ ತಡ. ಕಟಾವು ಬೇಸಿಗೆಗೆ ಜಾರಿ, ಅಷ್ಟರಲ್ಲಿ ನಾಲೆಯ ನೀರು ನಿಂತರೆ, ಒಡೆದ ಕಣ್ಣು ಅಲ್ಲೇ ಒಣಗುತ್ತದೆ. ಪಾಂಡವಪುರದ ಸಹಕಾರಿ ಕಾರ್ಖಾನೆ ನಿಂತು, 2020ರಲ್ಲಿ ನಲವತ್ತು ವರ್ಷದ ಗುತ್ತಿಗೆಗೆ ಹೋಗುವವರೆಗೆ, ಮಂಡ್ಯದ ಕಾರ್ಖಾನೆಯೂ ನಿಂತು 2022ರಲ್ಲಿ ಮತ್ತೆ ಗಾಣ ಹೂಡುವವರೆಗೆ ಈ ಸೀಮೆಯ ಕಬ್ಬು ದೂರದ ಕಾರ್ಖಾನೆಗಳ ಹಾಗೂ ಆಲೆಮನೆಗಳ ಸರದಿ ಕಾಯಬೇಕಾಯಿತು. ಹೊರಗಿನವರು ಎಣಿಸುವುದು ಒಣಗಿದ ಕಬ್ಬಿನ ತೂಕ. ಗದ್ದೆಯವನು ಅದರ ಜೊತೆಗೆ ಮುಂದಿನ ವರ್ಷದ, ಇನ್ನೂ ಹುಟ್ಟದ ಬೆಳೆಯನ್ನೂ ಎಣಿಸುತ್ತಾನೆ. ಸಕ್ಕರೆ ಕಾರ್ಖಾನೆಗಳ ನೋಂದಣಿಯಲ್ಲಿ ತನಿ ಕಬ್ಬು, ಕೂಳೆ ಕಬ್ಬು ಎಂದು ಇಂದಿಗೂ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಮೊದಲು ಮಾಗುವ ಕೂಳೆಯನ್ನು ಮೊದಲು ಕಡಿಯಬೇಕೆಂಬುದು ಆ ಪಟ್ಟಿಯ ಉದ್ದೇಶ.