ದೂರದ ಪಯಣಕ್ಕೆ ತಕ್ಕ ಒಡನಾಡಿಗಳು

1959ರ ಏಪ್ರಿಲ್ 9ರಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ತನ್ನ ಮೊದಲ ಏಳು ಮಂದಿ ಗಗನಯಾತ್ರಿಗಳನ್ನು ಲೋಕಕ್ಕೆ ಪರಿಚಯಿಸಿತು. ಆ ಏಳು ಹೆಸರುಗಳ ಹಿಂದೆ ಬಹು ಸೂಕ್ಷ್ಮವಾದ ಜರಡಿಯೊಂದು ಕೆಲಸಮಾಡಿತ್ತು. ಸೇನೆಯ 508 ಮಂದಿ ಪರೀಕ್ಷಾರ್ಥ ವಿಮಾನಚಾಲಕರ ಕಡತಗಳನ್ನು ಪರಿಶೀಲಿಸಿ, 110 ಮಂದಿಯನ್ನು ಅರ್ಹರೆಂದು ಗುರುತಿಸಲಾಯಿತು. ಅವರಲ್ಲಿ 32 ಮಂದಿ ಕಠಿಣವಾದ ದೈಹಿಕ ಹಾಗೂ ಮಾನಸಿಕ ಪರೀಕ್ಷೆಗಳಿಗೆ ಒಳಗಾದರು. ವಯಸ್ಸು 40ಕ್ಕಿಂತ ಕಡಿಮೆ ಇರಬೇಕು, ಎತ್ತರ 5 ಅಡಿ 11 ಅಂಗುಲಕ್ಕಿಂತ ಕಡಿಮೆ ಇರಬೇಕು, 1500 ಗಂಟೆಗಳ ಹಾರಾಟದ ಅನುಭವವಿರಬೇಕು ಎಂದು ನಿಯಮಗಳ ಪಟ್ಟಿ ಬೆಳೆದಿತ್ತು. ಆದರೆ 'ಈತ ಇನ್ನೊಬ್ಬನೊಡನೆ ಬಾಳಬಲ್ಲನೇ?' ಎಂಬ ಪ್ರಶ್ನೆ ಅಲ್ಲಿ ಮುಖ್ಯವಾಗಲಿಲ್ಲ. ಆಗಬೇಕಾದ ಅಗತ್ಯವೂ ಇರಲಿಲ್ಲ. ಆ ನೌಕೆಯಲ್ಲಿ ಇದ್ದದ್ದು ಒಂದೇ ಆಸನ.

ಈ ಪ್ರಶ್ನೆಯನ್ನು ಅದಕ್ಕೂ ಮೊದಲೇ ಎದುರಿಸಿದವರು ಧ್ರುವಪ್ರದೇಶಗಳ ಅನ್ವೇಷಕರು. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಮತ್ತು ಯಾಲ್ಮರ್ ಯೊಹಾನ್ಸೆನ್ 1895ರಲ್ಲಿ ತಮ್ಮ ಹಡಗನ್ನು ಬಿಟ್ಟು ಉತ್ತರಧ್ರುವದ ಕಡೆಗೆ ಹಿಮದ ಮೇಲೆ ನಡೆದರು. ಧ್ರುವವನ್ನು ಮುಟ್ಟಲಾಗದೆ ಹಿಂದಿರುಗುವಾಗ ಚಳಿಗಾಲ ಅಡ್ಡಬಂದಿತು. ಕಲ್ಲಿನ ಗೋಡೆ, ವಾಲ್ರಸ್ ಚರ್ಮದ ಮಾಡು ಇದ್ದ ಪುಟ್ಟ ಗುಡಿಸಲಿನಲ್ಲಿ ಅವರಿಬ್ಬರೂ ಎಂಟು ತಿಂಗಳಿಗೂ ಹೆಚ್ಚು ಕಾಲ ಕಳೆದರು. ಇಷ್ಟಾದರೂ, ನಮ್ಮ 'ನೀವು' ಎಂಬುದಕ್ಕೆ ಸಮನಾದ ಗೌರವಪದದಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು! ಆ ವರ್ಷದ ಕೊನೆಯ ರಾತ್ರಿ, ಇನ್ನುಮುಂದೆ 'ನೀನು' ಎಂದು ಕರೆದುಕೊಳ್ಳೋಣವೆಂದು ನಾನ್ಸೆನ್ ಸೂಚಿಸಿದರು. ಸಲುಗೆಯೂ ಗೌರವವೂ ತಕ್ಕ ಪ್ರಮಾಣದಲ್ಲಿ ಬೆರೆತುದರಿಂದಲೋ ಏನೋ, ಅವರಿಬ್ಬರೂ ಸ್ನೇಹಿತರಾಗಿಯೇ ಹೊರಬಂದರು.

1914ರಲ್ಲಿ ದಕ್ಷಿಣಧ್ರುವದತ್ತ ಹೊರಟ ಅರ್ನೆಸ್ಟ್ ಶ್ಯಾಕಲ್‌ಟನ್ ತಮ್ಮ ತಂಡವನ್ನು ಆರಿಸಿದ ಬಗೆ ಇನ್ನೂ ವಿಚಿತ್ರ. ಭೌತಶಾಸ್ತ್ರಜ್ಞರಾದ ರೆಜಿನಾಲ್ಡ್ ಜೇಮ್ಸ್ ಅವರನ್ನು ಸಂದರ್ಶಿಸುವಾಗ ಅವರ ವಿದ್ಯೆಗಿಂತ ಹೆಚ್ಚಾಗಿ ಹಲ್ಲು ಗಟ್ಟಿಯಿದೆಯೇ, ಸ್ವಭಾವ ಸೌಮ್ಯವೇ, ಹಾಡಲು ಬರುತ್ತದೆಯೇ ಎಂದು ವಿಚಾರಿಸಿದರಂತೆ. ಕೇಳಿದವರಿಗೆ ನಗು ಬಂದೀತು. ಆದರೆ 'ಎಂಡ್ಯೂರೆನ್ಸ್' ಹಡಗು ಹಿಮದ ನಡುವೆ ಸಿಲುಕಿ 1915ರ ನವೆಂಬರಿನಲ್ಲಿ ಮುಳುಗಿಹೋದಾಗ ಆ ಪ್ರಶ್ನೆಗಳ ಬೆಲೆ ತಿಳಿಯಿತು. ಹೊರೆ ಇಳಿಸಲೆಂದು ಬಂಗಾರವನ್ನೇ ಹಿಮದಲ್ಲಿ ಎಸೆದ ಶ್ಯಾಕಲ್‌ಟನ್, ಲಿಯೊನಾರ್ಡ್ ಹಸ್ಸಿಯವರ ತಂತಿವಾದ್ಯವಾದ ಬ್ಯಾಂಜೊವನ್ನು ಮಾತ್ರ ಉಳಿಸಿಕೊಂಡರು. ಹಡಗಿನಲ್ಲಿದ್ದ 28 ಮಂದಿಯೂ ಜೀವಂತವಾಗಿ ಮರಳಿದರು.

ಬಾಹ್ಯಾಕಾಶ ಯುಗದಲ್ಲಿ ಈ ಅನುಭವಕ್ಕೆ ಶಾಸ್ತ್ರೀಯ ರೂಪ ಕೊಡಲು ಶ್ರಮಿಸಿದವರು ಸೋವಿಯತ್ ವಿಜ್ಞಾನಿಗಳು. ಮನೋವಿಜ್ಞಾನಿ ಫ್ಯೋದರ್ ಗೋರ್ಬೊವ್ ಬಳಸಿದ 'ಹೋಮಿಯೊಸ್ಟಾಟ್' ಎಂಬ ಉಪಕರಣ ಸ್ವಾರಸ್ಯಕರವಾದುದು. ಪ್ರತಿಯೊಬ್ಬನ ಮುಂದೆ ಒಂದು ತಿರುಗುಗುಂಡಿ, ಒಂದು ಮುಳ್ಳು. ಮುಳ್ಳನ್ನು ಸರಿಯಾದ ಸ್ಥಾನಕ್ಕೆ ತರುವುದೇ ಕೆಲಸ. ಆದರೆ ಒಬ್ಬನು ತನ್ನ ಗುಂಡಿಯನ್ನು ತಿರುಗಿಸಿದರೆ ಉಳಿದವರ ಮುಳ್ಳುಗಳೂ ಅಲ್ಲಾಡುತ್ತವೆ. ತನ್ನದು ಮಾತ್ರ ಸರಿಯಾದರೆ ಸಾಕೆಂದು ಹಟ ಹಿಡಿದವನು ಎಲ್ಲರ ಕೆಲಸವನ್ನೂ ಕೆಡಿಸುತ್ತಾನೆ. ಸ್ವಲ್ಪ ಬಿಟ್ಟುಕೊಡಲು, ಸ್ವಲ್ಪ ಕಾಯಲು ಬಲ್ಲವರ ಗುಂಪೇ ಅಲ್ಲಿ ಗೆಲ್ಲುತ್ತದೆ. 1967ರ ನವೆಂಬರಿನಿಂದ 1968ರ ನವೆಂಬರಿನವರೆಗೆ ಮಾಸ್ಕೋದ ಸಂಸ್ಥೆಯೊಂದರಲ್ಲಿ ವೈದ್ಯ, ಜೀವವಿಜ್ಞಾನಿ, ಇಂಜಿನಿಯರ್ ಹೀಗೆ ಮೂವರು ಪುಟ್ಟ ಕೋಣೆಯೊಂದರಲ್ಲಿ ಇಡೀ ವರ್ಷ ಬೀಗಮುದ್ರಿತರಾಗಿ ಬದುಕಿ, ಇಂಥ ಜೀವನ ಸಾಧ್ಯವೆಂದು ತೋರಿಸಿದರು.

ಹೀಗೆ ವ್ಯಕ್ತಿಯಲ್ಲ, ತಂಡವೇ ಒಂದು ಘಟಕ ಎಂಬ ಭಾವನೆ ಬಲವಾಯಿತು. ಒಬ್ಬನು ಅಸ್ವಸ್ಥನಾದರೆ ಇಡೀ ತಂಡವನ್ನೇ ಬದಲಿಸುವುದು ಸೋವಿಯತ್ ಪದ್ಧತಿಯಾಯಿತು. 1971ರ ಜೂನ್ ತಿಂಗಳಲ್ಲಿ ಸೋಯುಜ್-11 ಹೊರಡಲು ಕೆಲವೇ ದಿನಗಳಿರುವಾಗ ವಲೇರಿ ಕುಬಸೊವ್ ಅವರ ಶ್ವಾಸಕೋಶದಲ್ಲಿ ಒಂದು ಕಲೆ ಕಂಡುಬಂದಿತು. ಕ್ಷಯವಿರಬಹುದೆಂಬ ಶಂಕೆಯಿಂದ, ಅವರೊಡನೆ ತರಬೇತಿ ಪಡೆದಿದ್ದ ಅಲೆಕ್ಸಿ ಲಿಯೊನೊವ್ ಮತ್ತು ಪ್ಯೋತ್ರ್ ಕೊಲೊಡಿನ್ ಅವರನ್ನೂ ಕೆಳಗೇ ಉಳಿಸಿಕೊಂಡು, ಡೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಎಂಬ ಮೂವರನ್ನು ಕಳುಹಿಸಲಾಯಿತು. ಜೂನ್ 30ರಂದು ಹಿಂದಿರುಗುವಾಗ ನೌಕೆಯ ಕವಾಟವೊಂದು ಅಕಾಲದಲ್ಲಿ ತೆರೆದು, ಗಾಳಿ ಸೋರಿಹೋಗಿ, ಆ ಮೂವರೂ ಮೃತಪಟ್ಟರು. ಕುಬಸೊವ್ ಅವರಿಗೆ ಕ್ಷಯವಿರಲಿಲ್ಲವೆಂದು ಅನಂತರ ತಿಳಿಯಿತು. ಆ ದುರಂತಕ್ಕೆ ಆಯ್ಕೆಯ ಪದ್ಧತಿ ಕಾರಣವಲ್ಲ, ನಿಜ. ಆದರೆ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬ ಒಂದು ತೀರ್ಮಾನದ ಹಿಂದೆ ಎಷ್ಟು ಕುಟುಂಬಗಳ ಭವಿಷ್ಯ ಅಡಗಿರುತ್ತದೆ ಎಂಬುದನ್ನು ಅದು ನೆನಪಿಸುತ್ತದೆ.

ಯಾನಗಳ ಅವಧಿ ವಾರಗಳಿಂದ ತಿಂಗಳುಗಳಿಗೆ ಬೆಳೆದಂತೆ ಹೊಸ ಕಷ್ಟಗಳು ತಲೆದೋರಿದವು. 1973ರ ನವೆಂಬರಿನಲ್ಲಿ ಸ್ಕೈಲ್ಯಾಬ್ ನಿಲ್ದಾಣಕ್ಕೆ ಹೋದ ಕಾರ್, ಗಿಬ್ಸನ್ ಮತ್ತು ಪೋಗ್ ಮೂವರಿಗೂ ಅದು ಮೊದಲ ಯಾನ. ಬಿಡುವಿಲ್ಲದ ಕೆಲಸದ ಪಟ್ಟಿಯಿಂದ ಅವರು ಬಸವಳಿದರು. ನೆಲದ ಮೇಲಿನ ಅಧಿಕಾರಿಗಳೊಡನೆ ಅಸಮಾಧಾನ ಹೊಗೆಯಾಡಿತು. ಡಿಸೆಂಬರ್ ಕೊನೆಗೆ ಎರಡೂ ಕಡೆಯವರು ಮನಬಿಚ್ಚಿ ಮಾತನಾಡಿದರು, ಕೆಲಸದ ಕ್ರಮ ಬದಲಾಯಿತು, 84 ದಿನಗಳ ಯಾನ ಯಶಸ್ವಿಯಾಗಿ ಮುಗಿಯಿತು. 1982ರಲ್ಲಿ ಸಲ್ಯೂತ್-7 ನಿಲ್ದಾಣದಲ್ಲಿ 211 ದಿನಗಳನ್ನು ಕಳೆದ ಲೆಬೆಡೆವ್, ಸಂಗಡಿಗ ಬೆರೆಜೊವೊಯ್ ಅವರೊಡನೆ ಹೊಂದಿಕೊಂಡು ಹೋಗುವ ಪ್ರಯಾಸವನ್ನು ತಮ್ಮ ದಿನಚರಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು.

1996ರಲ್ಲಿ ಅಮೆರಿಕದ ಜಾನ್ ಬ್ಲಾಹಾ ಅವರಿಗಾದ ಅನುಭವ ಇನ್ನೊಂದು ಬಗೆಯದು. ರಷ್ಯಾದ ಮೀರ್ ನಿಲ್ದಾಣದಲ್ಲಿ ತಮ್ಮೊಡನೆ ಇರಬೇಕಾಗಿದ್ದ ಇಬ್ಬರೊಂದಿಗೆ ಅವರು ದೀರ್ಘಕಾಲ ತರಬೇತಿ ಪಡೆದಿದ್ದರು. ಆದರೆ ನಾಯಕನ ಹೃದಯದಲ್ಲಿ ದೋಷ ಕಂಡುಬಂದು, ಆ ಇಬ್ಬರ ಬದಲು ಬೇರೆ ಇಬ್ಬರು ಹೋದರು. ಮೇಲೇರಿದ ಬ್ಲಾಹಾ ಅವರನ್ನು ಬರಮಾಡಿಕೊಂಡವರು ಹೆಚ್ಚು ಒಡನಾಟವಿಲ್ಲದವರು. ಕೆಲವು ವಾರಗಳ ಕಾಲ ತಾವು ಖಿನ್ನತೆಯಿಂದ ಬಳಲಿದ್ದನ್ನು ಅವರು ಅನಂತರ ನಿಸ್ಸಂಕೋಚವಾಗಿ ಹೇಳಿಕೊಂಡರು. ಆ ಹೊಸಬರು ಕೆಟ್ಟವರಾಗಿರಲಿಲ್ಲ, ಬ್ಲಾಹಾ ದುರ್ಬಲರೂ ಆಗಿರಲಿಲ್ಲ. ಕೊರತೆಯಿದ್ದದ್ದು ಒಟ್ಟಿಗೆ ಕಳೆದ ಕಾಲದ್ದು.

ಇಲ್ಲಿಯೇ ಈ ಇತಿಹಾಸದ ಮುಖ್ಯವಾದ ಪಾಠವಿದೆ. ಹೊಂದಾಣಿಕೆ ಎಂಬುದು ಒಬ್ಬನ ಎತ್ತರ ತೂಕಗಳಂತೆ ಅವನೊಬ್ಬನಲ್ಲೇ ಅಳೆದು ನೋಡಬಹುದಾದ ಗುಣವಲ್ಲ. ಅದು ಇಬ್ಬರ ನಡುವೆ, ನಾಲ್ವರ ನಡುವೆ ಮೆಲ್ಲಮೆಲ್ಲನೆ ಕಟ್ಟಲ್ಪಡುವಂಥದು. 2010ರ ಜೂನ್ 3ರಿಂದ 2011ರ ನವೆಂಬರ್ 4ರವರೆಗೆ ಮಾಸ್ಕೋದಲ್ಲಿ ಆರು ಮಂದಿ 520 ದಿನಗಳ ಕಾಲ್ಪನಿಕ ಮಂಗಳಯಾನವನ್ನು ನೆಲದ ಮೇಲೆಯೇ ನಡೆಸಿದರು. ಎಚ್ಚರಿಕೆಯಿಂದ ಆರಿಸಿದ ಆ ಆರು ಮಂದಿಯಲ್ಲಿ ಇಬ್ಬರು ಮಾತ್ರ ಯಾವ ಮಾನಸಿಕ ತೊಂದರೆಯನ್ನೂ ತೋರಲಿಲ್ಲ. ತಂಡದವರು ವರದಿಮಾಡಿದ ಘರ್ಷಣೆಗಳಲ್ಲಿ ಶೇಕಡಾ 85ರಷ್ಟು, ಅತಿ ಹೆಚ್ಚು ಬಳಲಿದ್ದ ಇಬ್ಬರಿಗೆ ಸಂಬಂಧಿಸಿದ್ದವು. ಜಗಳಗಂಟ ಎಂದು ನಾವು ಬೇಗನೆ ಹೆಸರಿಡುವವನು ಬಹುಶಃ ದಣಿದವನಿರಬಹುದಲ್ಲವೇ?

ಆದ್ದರಿಂದಲೇ ಇಂದು ಆಯ್ಕೆಯೊಂದಿಗೆ ಒಡನಾಟದ ಶಿಕ್ಷಣವೂ ಸೇರಿಕೊಂಡಿದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2011ರಿಂದ ವಿವಿಧ ದೇಶಗಳ ಗಗನಯಾತ್ರಿಗಳನ್ನು ಸಾರ್ಡಿನಿಯ ದ್ವೀಪದ ಗುಹೆಗಳ ಕತ್ತಲಿಗೆ ಒಟ್ಟಾಗಿ ಕಳುಹಿಸಿ, ಅಲ್ಲಿ ಬದುಕಲು ಕಲಿಸಿದೆ. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಸ್ಥಾನವಿದೆ. 1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮಾ ಅವರನ್ನು ಆಯ್ಕೆಗೆ ಮುನ್ನ ಇಲ್ಲಿಯ ವಾಯುಸೇನೆಯ ಕೇಂದ್ರದಲ್ಲಿ 72 ಗಂಟೆಗಳ ಕಾಲ ಮುಚ್ಚಿದ ಕೋಣೆಯಲ್ಲಿ ಇರಿಸಿ ಪರೀಕ್ಷಿಸಲಾಗಿತ್ತು. ಗಗನಯಾನಕ್ಕಾಗಿ ಪೈಲಟ್‌ಗಳ ಪರೀಕ್ಷೆ ನಡೆದದ್ದೂ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿಯೇ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಅಮೆರಿಕ, ಪೋಲೆಂಡ್ ಮತ್ತು ಹಂಗೆರಿಯ ಮೂವರೊಡನೆ ಅಂತರರಾಷ್ಟ್ರೀಯ ನಿಲ್ದಾಣದತ್ತ ಪ್ರಯಾಣ ಬೆಳೆಸಿದರು.

ಮುಂದೊಂದು ದಿನ ಮಂಗಳನತ್ತ ಹೊರಡುವವರು ಸುಮಾರು ಎರಡು ಮೂರು ವರ್ಷ ಮನೆಯಿಂದ ದೂರವಿರಬೇಕಾಗುವುದು. ಭೂಮಿಗೆ ಆಡಿದ ಒಂದು ಮಾತು ತಲುಪಲು ಕೆಲವೊಮ್ಮೆ 20 ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುವುದು. ಅಲ್ಲಿ ಮನಸ್ತಾಪ ಹುಟ್ಟಿದರೆ ಪಂಚಾಯಿತಿ ಮಾಡಲು ಹಿರಿಯರಿಲ್ಲ, ಬಾಗಿಲು ತೆರೆದು ಹೊರನಡೆಯಲು ಅಂಗಳವಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಹೇಳಿದರು. ಒಂದೇ ಮಾಡಿನ ಕೆಳಗೆ ಬಾಳುವವರು ಜಗಳವಾಡುವುದೇ ಇಲ್ಲವೆಂದು ಅವರು ಹೇಳಲಿಲ್ಲ. ಅದು ಮುಗಿಯುವ ಹೊತ್ತು ಒಂದಿರಬೇಕು ಎಂದಷ್ಟೇ ಹೇಳಿದರು. ಮಂಗಳಯಾನಕ್ಕೆ ಆರಿಸಬೇಕಾದದ್ದೂ ಎಂದೂ ಸಿಟ್ಟಾಗದವರನ್ನಲ್ಲ, ಅಂಥವರು ಸಿಗಲಾರರು. ಸಿಟ್ಟಾದ ಮೇಲೂ ಅದೇ ಮೇಜಿನ ಬಳಿ ಬಂದು ಕುಳಿತು, ಊಟವನ್ನು ಪಕ್ಕದವನತ್ತ ಸರಿಸಬಲ್ಲವರನ್ನು.