ಸೌರ ಜಲಶುದ್ಧೀಕರಣ ಮತ್ತು ವಿಕಿರಣ ಶೀತಲೀಕರಣ: ಸಂಶೋಧನೆಯ ಇತಿಹಾಸ

ಬಿಸಿಲಿನ ಶಾಖದಿಂದ ಅಥವಾ ಸೌರವಿದ್ಯುತ್ತಿನಿಂದ ನೀರನ್ನು ಶುದ್ಧಗೊಳಿಸುವುದು ಸೌರ ಜಲಶುದ್ಧೀಕರಣ. ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಸೂಸಿ ತಂಪಾಗುವುದು ವಿಕಿರಣ ಶೀತಲೀಕರಣ. 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದು ಈಗ ಲಾತೂರಿಗೆ ಸೇರಿರುವ ಉದಗೀರ, ನಿಲಂಗಾ ತಾಲ್ಲೂಕುಗಳಲ್ಲೂ ಧಾರಾಶಿವ ಜಿಲ್ಲೆಯ ಉಮರ್ಗಾದಲ್ಲೂ ಬಿಸಿಲಿಗೆ ಬರವಿಲ್ಲ, ನೀರಿಗಿದೆ. ಹಾಗಾಗಿ ಈ ಎರಡು ವಿದ್ಯೆಗಳು ಮರಾಠವಾಡದ ಗಡಿಯ ಬಾಯಾರಿಕೆ ನೀಗಿಸಬಲ್ಲವೆಂಬ ನಿರೀಕ್ಷೆ ಸಹಜ. ಆದರೆ ಇವುಗಳ ಇತಿಹಾಸವನ್ನು ನೋಡಿದರೆ ಬಿಸಿಲು ಇರುವ ನೀರನ್ನು ಶುದ್ಧಗೊಳಿಸಬಲ್ಲದೇ ಹೊರತು ಇಲ್ಲದ ನೀರನ್ನು ತರಲಾರದು ಎಂಬುದು ಸ್ಪಷ್ಟವಾಗುತ್ತದೆ.

1872ರಲ್ಲಿ ಚಿಲಿಯ ಲಾಸ್ ಸಲಿನಾಸ್‌ನಲ್ಲಿ ಚಾರ್ಲ್ಸ್ ವಿಲ್ಸನ್ ಕಟ್ಟಿದ, ಉಪ್ಪುನೀರನ್ನು ಬಿಸಿಲಲ್ಲಿ ಆವಿಯಾಗಿಸಿ ಬಟ್ಟಿ ಇಳಿಸುವ ಗಾಜಿನ ಹೊದಿಕೆಯ ಸ್ಥಾವರ ಸುಮಾರು 4,700 ಚದರ ಮೀಟರ್ ಹರವಿನಲ್ಲಿ ದಿನಕ್ಕೆ ಸುಮಾರು 23 ಸಾವಿರ ಲೀಟರ್ ಸಿಹಿನೀರು ಕೊಡುತ್ತಿತ್ತು. ಎಂದರೆ ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್. ಭಾರತದಲ್ಲಿ ಭಾವನಗರದ ಕೇಂದ್ರೀಯ ಲವಣ ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಇದೇ ಮಾದರಿಯನ್ನು ಬೆಳೆಸಿತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.65 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ ಬೀಳುವುದು ಐದಾರು ಯೂನಿಟ್. ಆದ್ದರಿಂದ ಒಂದೇ ಹಂತದ ಬಟ್ಟಿಯಲ್ಲಿ ಇಳುವರಿ ಹೆಚ್ಚು ಏರದು. 2016ರ ಏಪ್ರಿಲ್‌ನ ಬರದಲ್ಲಿ ಮಿರಜ್‌ನಿಂದ ಲಾತೂರಿಗೆ ಬಂದ ಮೊದಲ ನೀರಿನ ರೈಲು ಐದು ಲಕ್ಷ ಲೀಟರ್ ಹೊತ್ತಿತ್ತು. ಅಷ್ಟು ನೀರನ್ನು ದಿನವೂ ಹೀಗೆ ಬಟ್ಟಿ ಇಳಿಸಲು ಸುಮಾರು 25 ಎಕರೆ ಗಾಜು ಬೇಕಾಗುತ್ತದೆ, ಬಟ್ಟಿಗೆ ಹಾಕಲು ಉಪ್ಪುನೀರಾದರೂ ಇರಬೇಕಾಗುತ್ತದೆ.

ಹೊಸ ತಂತ್ರ ಈ ಇಳುವರಿಯ ಮಿತಿಯನ್ನು ದಾಟಿದೆಯಲ್ಲ ಎನ್ನಬಹುದು. ಹೌದು: ಆವಿ ನೀರಾಗುವಾಗ ಬಿಡುವ ಶಾಖವನ್ನೇ ಮರುಬಳಸಿ ಅಮೆರಿಕದ ಎಂಐಟಿ ಮತ್ತು ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಹತ್ತು ಹಂತಗಳ ಮಾದರಿಯಿಂದ ಚದರ ಮೀಟರಿಗೆ ಗಂಟೆಗೆ ಐದು ಲೀಟರಿಗೂ ಹೆಚ್ಚು ಪಡೆಯಿತು. ಜಳಗಾಂವದ ಜೈನ್ ಇರಿಗೇಷನ್ ಜೊತೆ ಎಂಐಟಿ ರೂಪಿಸಿದ ಸೌರವಿದ್ಯುತ್ ಚಾಲಿತ ಎಲೆಕ್ಟ್ರೋಡಯಾಲಿಸಿಸ್ (ವಿದ್ಯುತ್ತಿನಿಂದ ಉಪ್ಪು ಬೇರ್ಪಡಿಸುವ) ವ್ಯವಸ್ಥೆ 2015ರಲ್ಲಿ ಅಂತರರಾಷ್ಟ್ರೀಯ ಬಹುಮಾನ ಗಳಿಸಿತು. ಎರಡಕ್ಕೂ ಮೂಲ ನೀರು ಬೇಕೇ ಬೇಕು. ವಿಕಿರಣದಿಂದ ತಂಪಾದ ಮೇಲ್ಮೈಯಲ್ಲಿ ಗಾಳಿಯ ತೇವವನ್ನೇ ಇಬ್ಬನಿಯಾಗಿ ಹಿಡಿಯಬಹುದಲ್ಲ ಎಂಬುದು ಇನ್ನೊಂದು ವಾದ. ಈ ತಂಪು ಹೊಸದಲ್ಲ: ಬಯಲಿನಲ್ಲಿಟ್ಟ ನೀರು ರಾತ್ರಿ ಮಂಜುಗಡ್ಡೆಯಾಗುವ ಅಲಹಾಬಾದ್ ಪದ್ಧತಿಯನ್ನು ರಾಬರ್ಟ್ ಬಾರ್ಕರ್ 1775ರಲ್ಲೇ ವರ್ಣಿಸಿದ್ದ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಆಸ್ವತ್ ರಾಮನ್ ಮತ್ತು ಸಂಗಡಿಗರು ಹಗಲು ಬಿಸಿಲಲ್ಲೇ ಗಾಳಿಗಿಂತ 4.9 ಡಿಗ್ರಿ ತಂಪಾಗುವ ಮೇಲ್ಮೈ ಸಾಧಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮೆಗ್ನೀಸಿಯಂ ಆಕ್ಸೈಡಿನ ತಂಪು ಬಣ್ಣ ರೂಪಿಸಿದರು. ಆದರೆ ಇಂಥ ತಂಪಿಗೆ ಒಣ, ನಿರ್ಮಲ ಆಕಾಶವೇ ಅನುಕೂಲ. ಇಬ್ಬನಿಗೆ ತೇವ ಬೇಕು. ತೇವವಿದ್ದಾಗಲೂ ರಾತ್ರಿಗೆ ಚದರ ಮೀಟರಿಗೆ ಒಂದು ಲೀಟರ್ ಕೂಡ ಸಿಕ್ಕುವುದಿಲ್ಲ.

ಹಾಗಾಗಿ ಈ ಗಡಿಸೀಮೆಯಲ್ಲಿ ತಂಪು ಬಣ್ಣಕ್ಕೆ ಚಾವಣಿ, ಸೌರ ಬಟ್ಟಿಗೆ ಮನೆಯ ಕುಡಿಯುವ ನೀರು ತಕ್ಕ ನೆಲೆ. ಊರಿನ ಬರಕ್ಕೆ ಮಳೆನೀರಿನ ಸಂಗ್ರಹವೇ ಮೊದಲ ಮದ್ದು. ಬಿಸಿಲಿನ ವಿಜ್ಞಾನ ಅದಕ್ಕೆ ಪೂರಕ, ಬದಲಿಯಲ್ಲ.